ಏಳನೆಯ ಪ್ರಶ್ನೆ

ಅಕ್ಟೋಬರ್ ೨೨, ಭಾನುವಾರ

ಇದನ್ನು ಬರೆಯದೇ ಬಿಡಬೇಕೆಂದಿದ್ದೆ. ಯಾರೂ ಓದದ ಈ ಪುಸ್ತಕದಲ್ಲೂ ಬರೆಯಲಾಗದಿದ್ದರೆ ಇನ್ನೆಲ್ಲಿ ಬರೆಯಲಿ ಅನ್ನಿಸಿ ಬರೆಯುತ್ತಿದ್ದೇನೆ. ಮೂರು ತಿಂಗಳಿಂದ ನಾನು ಮುಖಕ್ಕೆ ಒಂದು ಕ್ರೀಮ್ ಹಚ್ಚುತ್ತಿದ್ದೇನೆ. ಹಳೆಯ ಚರ್ಮ ಸುಲಿದು ಹೊಸದು ಬರಿಸುವಂಥದ್ದು, ವೈದ್ಯರ ಚೀಟಿಯಿಲ್ಲದೆ ಹಚ್ಚಬಾರದಂಥದ್ದು. ಆನ್‌ಲೈನ್‌ನಲ್ಲಿ ತರಿಸಿದೆ. ಟ್ಯೂಬನ್ನು ಚಳಿಗಾಲದ ಕಾಲುಚೀಲಗಳ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಒಬ್ಬಳೇ ಇರುವ ಮನೆಯಲ್ಲಿ ಅದನ್ನು ಯಾರಿಂದ ಬಚ್ಚಿಡುತ್ತಿದ್ದೇನೋ ತಿಳಿಯದು.

ನಿನ್ನೆ ಶಾಲೆಯಲ್ಲಿ ಜೊತೆಗೆ ಓದಿದ ಲೈಯುಂಗಳ ಬ್ಯೂಟಿ ಪಾರ್ಲರಿಗೆ ಹೋದಾಗ ಇದನ್ನು ಹೇಳಲಿಲ್ಲ.

ಹೋಗಬೇಕೆಂದು ಹಟ ಹಿಡಿದವಳು ಅಮ್ಮ. ಮುಂದಿನ ತಿಂಗಳು ಹತ್ತೊಂಬತ್ತಕ್ಕೆ ಅವಳಿಗೆ ಎಪ್ಪತ್ತು ತುಂಬುತ್ತದೆ. ಹೋಟೆಲಿನಲ್ಲಿ ಎಂಟು ಮೇಜಿನ ಊಟ. ಅಂದು ಎಲ್ಲರೆದುರು, ನಮ್ಮ ಚೀನೀಯರ ಪದ್ಧತಿಯಂತೆ, ಅಮ್ಮ ಲೈಯುಂಗಳ ಕೈಗೆ ಒಂದು ಬಟ್ಟಲು, ಒಂದು ಜೊತೆ ಊಟದ ಕಡ್ಡಿ ಕೊಟ್ಟು ಅವಳನ್ನು ಮಗಳೆಂದು ಒಪ್ಪಿಕೊಳ್ಳುತ್ತಾಳೆ. ಹೆತ್ತದ್ದಲ್ಲ, ಕಾಗದ ಮಾಡಿಸಿ ದತ್ತು ತೆಗೆದುಕೊಂಡದ್ದೂ ಅಲ್ಲ, ಬಟ್ಟಲ ಮಗಳು. ಆಮೇಲೆ ಫೋಟೋ. ನಡುವೆ ಅಮ್ಮ, ಎಡಕ್ಕೊಬ್ಬಳು, ಬಲಕ್ಕೊಬ್ಬಳು. ಲೈಯುಂಗ್ ನನ್ನ ತರಗತಿಯವಳು, ನನ್ನ ಹಾಗೆಯೇ ನಲವತ್ತನಾಲ್ಕು ವರ್ಷದವಳು. ಮುಖ ಮಾತ್ರ ಆಗತಾನೆ ಸಿಪ್ಪೆ ತೆಗೆದ ಬೇಯಿಸಿದ ಮೊಟ್ಟೆ. ಫೋಟೋ ನೋಡುವವರು ಯಾರನ್ನು ಹೆತ್ತ ಮಗಳು ಎನ್ನುತ್ತಾರೆ? ಕ್ರೀಮ್ ತರಿಸಿದ್ದು ಈ ಪ್ರಶ್ನೆಗಾಗಿ.

ಪಾರ್ಲರಿನಲ್ಲಿ ಒಂದು ಫಾರಂ ಕೊಟ್ಟಳು. ಎಡಗಡೆ ಚೀನಿ, ಬಲಗಡೆ ಇಂಗ್ಲಿಷ್. ಇಂಗ್ಲಿಷ್ ನೋಡಿ ನಗು ಬಂತು. ಅವಳಿಗೂ ಗೊತ್ತು. "ತಿದ್ದಿಕೊಡೇ ಮಾನಿಟರ್," ಅಂದಳು. ನಾನು ಪಠ್ಯಪುಸ್ತಕ ತಿದ್ದುವ ಕೆಲಸದವಳು, ಚೀಲದಲ್ಲಿ ಕೆಂಪು ಪೆನ್ನು ಯಾವಾಗಲೂ ಇರುತ್ತದೆ. ಒಂಬತ್ತು ಕಡೆ ತಿದ್ದಿದೆ. ಏಳನೆಯ ಪ್ರಶ್ನೆ ಹೀಗಿತ್ತು: 'ಡಿಡ್ ಯೂ ಏಟ್ ಆಸಿಡ್?' 'ಏಟ್' ಹೊಡೆದುಹಾಕಿ 'ಈಟ್' ಎಂದು ಬರೆದೆ.

ಆಸಿಡ್ ತಿಂದಿದ್ದೀರಾ? ನಾನು ತಿಂದಿರಲಿಲ್ಲ. 'ಇಲ್ಲ' ಎಂದು ಗುರುತು ಹಾಕಿದೆ.

ಆಮೇಲೆ ಅವಳು ಮುಖಕ್ಕೆ ಚರ್ಮ ಸುಲಿಸುವ ಮದ್ದು ಬಳಿದು, ಬೀಸಣಿಗೆಯಿಂದ ಗಾಳಿ ಹಾಕುತ್ತ, ಉರಿಯುತ್ತಿದೆಯಾ ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಇಲ್ಲ ಎಂದೆ. ಅವಳೆದುರು ಹಾ ಹೂ ಎನ್ನುವುದು ನನಗೆ ಬೇಕಿರಲಿಲ್ಲ.

ಇವತ್ತು ಬೆಳಿಗ್ಗೆ ಕೆನ್ನೆಗಳೆರಡೂ ಸುಟ್ಟ ರೊಟ್ಟಿಯ ಹಾಗಿವೆ. ಬಲಗಡೆ ನೀರು ಒಸರುತ್ತಿದೆ. ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ.


ಅಕ್ಟೋಬರ್ ೨೩, ಸೋಮವಾರ

ಇವತ್ತು ಗೋರಿಗಳಿಗೆ ಹೋಗುವ ಹಬ್ಬ. ಅಪ್ಪ ಹೋದ ಎಂಟು ವರ್ಷದಲ್ಲಿ ಒಂದು ಸಲವೂ ತಪ್ಪಿಸಿರಲಿಲ್ಲ. ಬಿಸಿಲಿಗೆ ಈ ಮುಖ ಒಡ್ಡುವ ಹಾಗಿಲ್ಲ.

ಅಮ್ಮ ಲೈಯುಂಗಳ ಜೊತೆ ಹೋಗಿಬಂದಳು. ಚಾಯ್ ವಾನ್ ಗುಡ್ಡದ ಅಷ್ಟು ಮೆಟ್ಟಿಲನ್ನೂ ಅವಳು ಎಡೆಗಿಡುವ ಹಂದಿಮಾಂಸದ ಪೊಟ್ಟಣ ಒಂದು ಕೈಯಲ್ಲಿ, ಅಮ್ಮನ ತೋಳು ಇನ್ನೊಂದು ಕೈಯಲ್ಲಿ ಹಿಡಿದು ಹತ್ತಿದಳಂತೆ. ಗೋರಿಯ ಸುತ್ತ ಹುಲ್ಲು ಕಿತ್ತವಳೂ ಅವಳೇ. ಕಲ್ಲಿನ ಮೇಲಿನ ಅಪ್ಪನ ಫೋಟೋವನ್ನು ತನ್ನ ಕರವಸ್ತ್ರದಿಂದ ಒರೆಸಿದಳಂತೆ.

ಆ ಫೋಟೋ ಒರೆಸುವುದು ನನ್ನ ಕೆಲಸ.


ಅಕ್ಟೋಬರ್ ೨೫, ಬುಧವಾರ

ಚರ್ಮದ ವೈದ್ಯರು ಮೇಲುಚರ್ಮ ಸುಟ್ಟಿದೆ ಎಂದರು. ಗುಣವಾಗುತ್ತದೆ, ಆದರೆ ಕಪ್ಪು ಕಲೆ ಆರು ತಿಂಗಳಾದರೂ ಇರುತ್ತದೆ. ಏನಾದರೂ ಹಚ್ಚುತ್ತಿದ್ದಿರಾ ಎಂದು ಕೇಳಿದಾಗ ಕ್ರೀಮಿನ ಹೆಸರು ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು.

"ಇದನ್ನ ಪಾರ್ಲರಿನವರಿಗೆ ಹೇಳಿದ್ರಾ?"

"ಅವರ ಫಾರಂನಲ್ಲಿ ಇಂಗ್ಲಿಷ್ ಸರಿಯಿರಲಿಲ್ಲ," ಎಂದೆ.

ವೈದ್ಯರು ಚಿಕ್ಕ ವಯಸ್ಸಿನವರು. ಕನ್ನಡಕದ ಮೇಲಿಂದ ಒಮ್ಮೆ ನೋಡಿ ಮುಲಾಮು ಬರೆದುಕೊಟ್ಟರು.

ಸಂಜೆ ಅಮ್ಮ ಗಾಯ ಮಾಯಿಸುವ ಮೀನಿನ ಸಾರು ಹೊತ್ತು ಬಂದಳು. ಅವಳು ಇದೇ ಕಟ್ಟಡದ ಹನ್ನೆರಡನೇ ಮಹಡಿ, ನಾನು ಹದಿನೇಳು. ಸಾಮಾನ್ಯವಾಗಿ ವಾರಕ್ಕೊಮ್ಮೆ ನಾನೇ ಇಳಿದು ಹೋಗುವುದು. ಈಗ ಮೂರು ದಿನದಿಂದ ದಿನಾ ಅವಳೇ ಮೇಲೆ ಬರುತ್ತಿದ್ದಾಳೆ. ಅಡುಗೆಮನೆಯಿಂದ ನನ್ನ ಸೋಯಾ ಸಾಸಿನ ಬಾಟಲಿ ಎತ್ತಿಕೊಂಡು ಹೋದಳು.

"ಸೋಯಾ ತಿಂದ್ರೆ ಕಲೆ ಕಪ್ಪಗೆ ಕೂರುತ್ತೆ. ಶುಂಠೀನೂ ಮುಟ್ಟಬೇಡ, ಗಾಯ ಉಬ್ಬುತ್ತೆ. ನಿಮ್ಮ ಕಾನ್ವೆಂಟ್ ಸಿಸ್ಟರುಗಳು ಇಂಗ್ಲಿಷಲ್ಲಿ ಇದನ್ನೆಲ್ಲ ಹೇಳಿಕೊಟ್ಟಿರಲ್ಲ."

ಉಪ್ಪು ಮಾತ್ರ ಹಾಕಿದ ಸಪ್ಪೆ ಸಾರು. ನಾನು ಕುಡಿದು ಮುಗಿಸುವವರೆಗೆ ಎದುರಿಗೆ ಕೂತಿದ್ದಳು. ಜ್ವರ ಬಂದ ಮಗುವಿನ ಎದುರು ಕೂರುವ ಹಾಗೆ. ಇನ್ನೊಂದು ಬಟ್ಟಲು ಬೇಕೆಂದೆ. ಹೊಟ್ಟೆ ತುಂಬಿತ್ತು.


ಅಕ್ಟೋಬರ್ ೨೮, ಶನಿವಾರ

ಲೈಯುಂಗ್ ಬಂದಿದ್ದಳು. ಕಿತ್ತಳೆಹಣ್ಣಿನ ದೊಡ್ಡ ಚೀಲ, ಅದರ ಹಿಂದೆ ಅವಳು. ಹೊಸ್ತಿಲ ಬಳಿಯೇ ನನ್ನ ಮುಖ ನೋಡಿ ನಿಂತುಬಿಟ್ಟಳು. ಅವಳಿಗೂ ನಿದ್ದೆಯಿಲ್ಲ, ಕಣ್ಣ ಕೆಳಗೆ ಊದಿಕೊಂಡಿತ್ತು. ಸುಳ್ಳು ಹೇಳಲಾರೆ, ಮೊದಲು ಕಂಡದ್ದು ಆ ಊತವೇ. ಕಂಡು ಹಿತವಾಯಿತು.

ಅಮ್ಮನೂ ಇದ್ದಳು. ಲೈಯುಂಗ್ ಕೂರಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರಿಗೂ ಹೀಗಾಗಿರಲಿಲ್ಲ ಎಂದಳು. ಆ ಮದ್ದಿನ ಬಾಟಲಿಗಳನ್ನೆಲ್ಲ ಚೆಲ್ಲಿದ್ದಾಳಂತೆ. ಪಾರ್ಲರಿನ ಬಾಗಿಲು ಹಾಕಿ ಆರು ದಿನ. ತನ್ನ ಕೈ ಮೇಲೆ ತನಗೇ ನಂಬಿಕೆ ಹೋಗಿದೆ, ಮತ್ತೆ ತೆಗೆಯುತ್ತೇನೋ ಇಲ್ಲವೋ ಗೊತ್ತಿಲ್ಲ ಎಂದಳು. ವೈದ್ಯರ ಖರ್ಚು ತನ್ನದು ಎಂದಾಗ ಬೇಡವೆಂದೆ. ಬೇಡವೆಂದದ್ದಕ್ಕೆ ಅಮ್ಮ ನನ್ನನ್ನು ದೊಡ್ಡ ಮನಸ್ಸಿನವಳೆಂಬಂತೆ ನೋಡಿದಳು.

ಆಮೇಲೆ ಅವಳು ತನ್ನ ಹೆಗಲ ಚೀಲದಿಂದ ಒಂದು ಕಾಗದ ತೆಗೆದು ಬಿಡಿಸಿದಳು. ಹೊಸದಾಗಿ ಅಚ್ಚಾದ ಅದೇ ಫಾರಂ. ನಾನು ತಿದ್ದಿಕೊಟ್ಟ ಸಂಜೆಯೇ ಅಚ್ಚಿಗೆ ಕೊಟ್ಟಿದ್ದಳಂತೆ. ಒಂಬತ್ತು ತಿದ್ದುಪಡಿಯೂ ಬಂದಿತ್ತು, ಒಂದು ಅಲ್ಪವಿರಾಮವನ್ನೂ ಬಿಟ್ಟಿರಲಿಲ್ಲ. ಏಳನೆಯ ಸಾಲು ತಪ್ಪಿಲ್ಲದೆ, ಅಚ್ಚುಕಟ್ಟಾಗಿ ಕೇಳುತ್ತಿತ್ತು: 'ಡಿಡ್ ಯೂ ಈಟ್ ಆಸಿಡ್?'

"ನೀನು ಓದಿದವಳು ಕಣೆ," ಎಂದಳು. "ಒಂದು ಸಲ ನೋಡಿ ಹೇಳು. ನಾನು ಏನು ಕೇಳೋದನ್ನ ಮರೆತೆ?"

ಕಾಗದ ಹಿಡಿದು ನೋಡಿದೆ. ಬಹಳ ಹೊತ್ತು ನೋಡಿದೆ. "ಎಲ್ಲ ಇದೆ," ಎಂದೆ.

"ಹಾಗಾದ್ರೆ ನನ್ನ ಕೈಯದೇ ತಪ್ಪು."

ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. ಸುಟ್ಟದ್ದು ನನ್ನ ಮುಖ, ಕೈ ಅವಳ ಬೆನ್ನ ಮೇಲೆ.


ಅಕ್ಟೋಬರ್ ೩೦, ಸೋಮವಾರ

ಗ್ರಾಹಕರ ದೂರು ಕಚೇರಿಗೆ ಪತ್ರ ಸಿದ್ಧವಾಯಿತು. ಇಂಗ್ಲಿಷಿನಲ್ಲಿ, ಏಳು ಪ್ಯಾರಾ. ಎಲ್ಲಿಯೂ ದನಿ ಏರಿಲ್ಲ. 'ಫಾರಂನ ಭಾಷೆ ಗ್ರಾಹಕರನ್ನು ದಾರಿತಪ್ಪಿಸುವಂತಿದೆ' ಎಂಬ ವಾಕ್ಯವನ್ನು ನಾಲ್ಕು ಸಲ ಓದಿಕೊಂಡೆ. ಬಹಳ ಚೆನ್ನಾಗಿ ಬಂದಿದೆ.


ನವೆಂಬರ್ ೩, ಶುಕ್ರವಾರ

ಹಕ್ಕಳೆ ಉದುರತೊಡಗಿದೆ. ಕೆಳಗಿನ ಚರ್ಮ ಕಂದು.

ಇವತ್ತು ಅಮ್ಮ ಸಾರು ತಂದಿಟ್ಟು, ಕೂರದೆ, ಕಿಟಕಿಯ ಹತ್ತಿರ ನಿಂತು ಹೇಳಿದಳು. ಲೈಯುಂಗ್ ಬಟ್ಟಲು ಒಲ್ಲೆ ಅಂದಿದ್ದಾಳೆ. ಹುಟ್ಟುಹಬ್ಬದ ಊಟಕ್ಕೂ ಬರುವುದಿಲ್ಲವಂತೆ.

"'ದೊಡ್ಡಮ್ಮ, ನಿಮ್ಮ ಮಗಳ ಮುಖ ಸುಟ್ಟ ಕೈಯಲ್ಲಿ ನಿಮ್ಮ ಬಟ್ಟಲು ಹೇಗೆ ಹಿಡೀಲಿ' ಅಂತಾಳೆ. ನೀನೊಂದು ಮಾತು ಹೇಳಿ ನೋಡು ಕ್ವಾನ್."

ಅದು ಅವಳ ಇಷ್ಟ, ನಾನು ಬಲವಂತ ಮಾಡಲಾರೆ ಎಂದೆ. ನ್ಯಾಯವಾದ ಮಾತು. ದನಿಯೂ ಸರಿಯಾಗಿಯೇ ಇತ್ತು ಎಂದುಕೊಂಡಿದ್ದೆ. ಅಮ್ಮ ತಿರುಗಿ ನೋಡಿದಳು.

"ಚಿಕ್ಕವಳಿದ್ದಾಗಲೂ ಹೀಗೇ. ಪಕ್ಕದ ಮನೆ ಮಗೂನ ಎತ್ತಿಕೊಂಡ್ರೆ ಸಾಕು, ವಿನೆಗರ್ ಕುಡಿದ ಮುಖ ಮಾಡ್ತಿದ್ದೆ."

ಹೊಟ್ಟೆಕಿಚ್ಚಿಗೆ ನಮ್ಮ ಜನ ಹೇಳುವುದು ಹಾಗೆಯೇ, ವಿನೆಗರ್ ಕುಡಿದಳು ಎಂದು. ಮುಖ ಸುಟ್ಟವಳನ್ನು ಹೀಗೆ ಅನ್ನಬಹುದೇ ಎಂದು ಕೇಳಿದೆ. ಅಮ್ಮ ಪಾತ್ರೆ ಎತ್ತಿಕೊಂಡು ಹೋದಳು.

ಅವಳು ಹೋದ ಮೇಲೆ ಬಟ್ಟಲು ತೊಳೆದೆ. ತೊಳೆಯುವಾಗ ನನಗರಿವಿಲ್ಲದೆ ಶಾಲೆಯ ಪ್ರಾರ್ಥನೆಯ ಹಾಡೊಂದನ್ನು ಗುನುಗುತ್ತಿದ್ದೆ. ಅರಿವಾದ ಮೇಲೂ ಒಂದು ಸಾಲು ಮುಂದುವರಿಸಿದೆ.


ನವೆಂಬರ್ ೪, ಶನಿವಾರ

ಫೋಟೋದಲ್ಲಿ ಇಬ್ಬರೇ. ಅಮ್ಮ, ನಾನು. ಕಂದು ಕಲೆಯ ಮೇಲೆ ಪೌಡರ್ ಹಚ್ಚಿಕೊಂಡರಾಯಿತು.


ನವೆಂಬರ್ ೭, ಮಂಗಳವಾರ

ಮೂರು ದಿನದಿಂದ ಅಮ್ಮ ಮೇಲೆ ಬರಲಿಲ್ಲ. ಸಾರೂ ಇಲ್ಲ. ಇವತ್ತು ನಾನೇ ಇಳಿದು ಹೋದೆ. ಟಿವಿ ಹಾಕಿರಲಿಲ್ಲ. ತಲೆಗೂದಲು ಎಣ್ಣೆ ಎಣ್ಣೆಯಾಗಿ ನೆತ್ತಿಗೆ ಅಂಟಿತ್ತು. ಆಗ ನೆನಪಾಯಿತು: ಅಪ್ಪ ಹೋದ ಮೇಲೆ ಪ್ರತಿ ಶುಕ್ರವಾರ ಲೈಯುಂಗಳೇ ಅವಳ ತಲೆ ತೊಳೆಯುವುದು. ಅಮ್ಮನ ಭುಜ ಮೇಲೆ ಏಳುವುದಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮನಸ್ಸಿನಲ್ಲಿ ಅದೊಂದು ಶೋಕಿಯಾಗಿ ಮಾತ್ರ ಉಳಿದಿತ್ತು, ಮುದುಕಿ ಪಾರ್ಲರಿಗೆ ಹೋಗುತ್ತಾಳೆ ಎಂದು.

ನಾನು ತೊಳೆಯುತ್ತೇನೆ ಎಂದೆ. ಕುರ್ಚಿಯನ್ನು ಬಚ್ಚಲಿನ ಸಿಂಕಿಗೆ ಬೆನ್ನು ಮಾಡಿ ಇಟ್ಟು, ಅಮ್ಮನ ತಲೆಯನ್ನು ಹಿಂದಕ್ಕೆ ಒರಗಿಸಿದೆ. ನೀರು ಮೊದಲು ಬಹಳ ಬಿಸಿ, ಆಮೇಲೆ ಬಹಳ ತಣ್ಣಗೆ. ಕಿವಿಗೆ ಹೋಯಿತು. ಕತ್ತಿನ ಕೆಳಗೆ ಏನಾದರೂ ಇಡಬೇಕೆಂದು ತಿಳಿಯಲಿಲ್ಲ. ಅಮ್ಮನ ಕತ್ತು ಹಕ್ಕಿಯದರಷ್ಟು ಸಣ್ಣ. ನಾನು ಅದನ್ನು ಕೊನೆಯ ಸಲ ಮುಟ್ಟಿದ್ದು ಯಾವಾಗ?

"ಅವಳು ಟವಲ್ ಸುರುಳಿ ಮಾಡಿ ಇಡ್ತಾಳೆ," ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ.

ಟವಲ್ ಸುರುಳಿ ಮಾಡಿ ಇಟ್ಟೆ.

ಅಲ್ಲಿಂದ ಅವಳೇ ಮಾತು ಶುರು ಮಾಡಿದಳು. ನಾನು ಎಲ್ಲೂ ದೂರು ಕೊಡುವುದಿಲ್ಲ ತಾನೇ ಎಂದು ಕೇಳಿದಳು. ಇನ್ನೂ ಯೋಚಿಸಿಲ್ಲ ಎಂದೆ. ಆ ಫಾರಂ ನೋಡಿದರೆ ಯಾರಿಗಾದರೂ ಅವಳ ಅಜ್ಞಾನ ತಿಳಿಯುತ್ತದೆ, ಬಾರದ ಇಂಗ್ಲಿಷ್ ಯಾಕೆ ಬರೆಯಬೇಕಿತ್ತು ಎಂದೂ ಹೇಳಿದೆ. ಅಮ್ಮ ಕಣ್ಣು ತೆರೆದಳು. ತಲೆಕೆಳಗಾಗಿ ನನ್ನನ್ನೇ ನೋಡಿದಳು.

"ಅವಳಂಗಡಿಗೆ ಬರೋರು ಯಾರು ಹೇಳು? ನನ್ನಂಥ ಮುದುಕಿಯರು, ಮಾರ್ಕೆಟ್ಟಲ್ಲಿ ಮೀನು ಮಾರೋರು. ಇಂಗ್ಲಿಷ್ ಯಾವಳು ಓದ್ತಾಳೆ? ಆ ಕಡೆ ಇದ್ದಿದ್ದು ನಿನಗೊಬ್ಬಳಿಗೆ. 'ಕ್ವಾನ್ ಬರ್ತಾಳೆ ದೊಡ್ಡಮ್ಮ, ಬರೀ ಚೀನಿ ಇದ್ರೆ ಕೀಳಾಗಿ ಕಾಣುತ್ತೆ' ಅಂತ ಒಂದು ವಾರ ಡಿಕ್ಷನರಿ ಇಟ್ಕೊಂಡು ಕೂತಿದ್ಲು. ನೀನು ಕೆಂಪು ಪೆನ್ನಲ್ಲಿ ತಿದ್ದಿಕೊಟ್ಟೆ ಅಂತ ಎಷ್ಟು ಖುಷಿ ಅವಳಿಗೆ. ಶಾಲೇಲಿ ತಿದ್ದುತಿದ್ದ ಹಾಗೇ ತಿದ್ದಿದಳು ಅಂತ ನನಗೆ ಫೋನ್ ಮಾಡಿ ಹೇಳಿದ್ಲು."

ಸೋಪಿನ ನೊರೆ ಅವಳ ಹಣೆಗಿಳಿಯುತ್ತಿತ್ತು. ಒರೆಸಿದೆ.


ನವೆಂಬರ್ ೯, ಗುರುವಾರ

ಶಾಲೆಯಲ್ಲಿ ಸಿಸ್ಟರುಗಳು ನಮಗೆಲ್ಲ ಇಂಗ್ಲಿಷ್ ಹೆಸರಿಟ್ಟಿದ್ದರು. ನಾನು ಬರ್ನಡೆಟ್. ಅವಳು ರೋಸಮಂಡ್. ಅವಳಿಗೆ 'ರ' ಹೊರಡುತ್ತಿರಲಿಲ್ಲ, ತನ್ನ ಹೆಸರನ್ನೇ ಲೋಸಮಂಡ್ ಎನ್ನುತ್ತಿದ್ದಳು. ಹುಡುಗಿಯರು ದಿನಾ ಅವಳ ಬಾಯಲ್ಲಿ ಅದನ್ನು ಹೇಳಿಸಿ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ನಾನು ಇಂಗ್ಲಿಷ್ ಮಾನಿಟರ್. ನೋಟ್‌ಬುಕ್ಕುಗಳು ಸಿಸ್ಟರ ಮೇಜಿಗೆ ಹೋಗುವ ಮೊದಲು ನನ್ನ ಕೆಂಪು ಪೆನ್ಸಿಲಿನ ಕೆಳಗೆ ಹೋಗಬೇಕಿತ್ತು. ಕೆಲವರ ತಪ್ಪನ್ನು ಸುಮ್ಮನೆ ಸರಿಮಾಡಿಬಿಡುತ್ತಿದ್ದೆ. ಅವಳದಕ್ಕೆ ಅಡ್ಡಗೆರೆ ಎಳೆಯುತ್ತಿದ್ದೆ. ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷ್ ಫೇಲಾಗಿ ಅವಳು ಶಾಲೆ ಬಿಟ್ಟಳು. ಅದಕ್ಕೆ ನಾನು ಕಾರಣಳಲ್ಲ. ಹೇಗಿದ್ದರೂ ಫೇಲಾಗುತ್ತಿದ್ದಳು.

ಯಾಕೆ ಅಡ್ಡಗೆರೆ ಎಳೆಯುತ್ತಿದ್ದೆ? ಪೋಷಕರ ದಿನ ಅಮ್ಮ ಅವಳ ಜಡೆ ಹಿಡಿದು, ಎಷ್ಟು ಚೆಂದ ಕೂದಲು ಈ ಮಗುವಿಗೆ, ಎಂದಿದ್ದಳು. ನನ್ನ ರಿಪೋರ್ಟು ಅಮ್ಮನ ಇನ್ನೊಂದು ಕೈಯಲ್ಲಿತ್ತು.

ಮೊದಲ ದಿನ ಇಲ್ಲಿ ಬರೆದದ್ದನ್ನು ಈಗ ತಿರುಗಿ ಓದಿದೆ. ಎಲ್ಲವನ್ನೂ ಒಪ್ಪಿಕೊಂಡವಳ ಹಾಗೆ ಬರೆದಿದ್ದೇನೆ. ಒಂದನ್ನು ಬರೆದಿಲ್ಲ.

ಎಡಗಡೆಯನ್ನೂ ಓದಿದ್ದೆ. ಚೀನಿಯಲ್ಲಿ ಏಳನೆಯ ಪ್ರಶ್ನೆ ಸ್ಪಷ್ಟವಾಗಿತ್ತು: ಕಳೆದ ನಾಲ್ಕು ವಾರದಲ್ಲಿ ಮುಖಕ್ಕೆ ಚರ್ಮ ಸುಲಿಯುವ ಆಮ್ಲದ ಕ್ರೀಮ್ ಹಚ್ಚಿದ್ದೀರಾ? ಆ ಕ್ರೀಮಿಗೆ ನಾವು ದಿನಬಳಕೆಯಲ್ಲಿ ಹೇಳುವ ಹೆಸರನ್ನೇ ಬರೆದಿದ್ದಳು. ನನಗೆ ಹಚ್ಚುವುದಕ್ಕೂ ತಿನ್ನುವುದಕ್ಕೂ ವ್ಯತ್ಯಾಸ ಗೊತ್ತಿತ್ತು. ಹೌದು ಎಂದರೆ ಕ್ರೀಮ್ ಯಾಕೆ ಹಚ್ಚುತ್ತಿದ್ದೇನೆಂದು ಅವಳಿಗೆ ತಿಳಿಯುತ್ತಿತ್ತು. ಅವಳ ಜೊತೆ ನಾನು ಪೈಪೋಟಿಗೆ ಬಿದ್ದಿದ್ದೇನೆಂದು ಅವಳಿಗೆ ತಿಳಿಯುವುದಕ್ಕಿಂತ ಮುಖ ಸುಡಲಿ ಎಂದುಕೊಂಡೆನೇ? ಹಾಗೆ ಎಂದುಕೊಳ್ಳಲಿಲ್ಲ. ಆದರೆ ಕಣ್ಣು ಬಲಗಡೆಗೆ ಹೊರಳಿಸಿದೆ. ಪದವನ್ನು ತಿದ್ದಿದೆ, ಅರ್ಥವನ್ನು ಬೇಕೆಂದೇ ಬಿಟ್ಟೆ. ತಪ್ಪಾದ ಪ್ರಶ್ನೆಯ ಹಿಂದೆ ನಿಂತು 'ಇಲ್ಲ' ಎಂದೆ. ಅವಳು ನನಗಾಗಿ ಬರೆದ ಪ್ರಶ್ನೆ.

ಏಳು ಪ್ಯಾರಾದ ಪತ್ರವನ್ನು ಹರಿಯಲಿಲ್ಲ. ಪೆಟ್ಟಿಗೆಯಲ್ಲಿ, ಟ್ಯೂಬಿನ ಪಕ್ಕ ಇಟ್ಟೆ.


ನವೆಂಬರ್ ೧೦, ಶುಕ್ರವಾರ

ಅಮ್ಮನ ತಲೆ ತೊಳೆದೆ. ನೀರು ಇವತ್ತು ಹದವಾಗಿತ್ತು. "ಪರವಾಗಿಲ್ಲ," ಅಂದಳು. ಅಷ್ಟಕ್ಕೇ ಒಂದು ಗಂಟೆ ಖುಷಿಯಾಗಿದ್ದೆ. ಅವಳ ಕಪಾಟಿನಲ್ಲಿ ಟವಲ್ ಹುಡುಕುವಾಗ ಬಟ್ಟಲು ಸಿಕ್ಕಿತು. ಕೆಂಪು ಕಾಗದ ಸುತ್ತಿ ಇಟ್ಟಿದ್ದಳು. ಹುಂಜದ ಚಿತ್ರದ್ದು, ನನ್ನ ಬಾಲ್ಯದ ಬಟ್ಟಲಿನಂಥದ್ದೇ. ಅಂಗಡಿಗೆ ವಾಪಸು ಕೊಟ್ಟಿಲ್ಲ.

ಎತ್ತಿ ಬೀಳಿಸಿಬಿಡಬೇಕೆಂದು ಒಂದು ಕ್ಷಣ ಕೈಗೆ ಅನ್ನಿಸಿತು. ಕೈಗೆ ಎಂದು ಬರೆದಿದ್ದೇನೆ. ನನಗೆ ಅನ್ನಿಸಿತು.


ನವೆಂಬರ್ ೧೨, ಭಾನುವಾರ

ಅವಳ ಪಾರ್ಲರಿನ ಕೆಳಗಿನ ರಸ್ತೆಯಲ್ಲಿ ಹಾದು ಬಂದೆ. ಟೋಪಿ, ಮಾಸ್ಕ್ ಹಾಕಿಕೊಂಡಿದ್ದೆ. ಬೋರ್ಡಿನ ದೀಪ ಆರಿದೆ. ಕೆಳಗಿನ ಒಣಮೀನಿನ ಅಂಗಡಿಯಾಕೆ, ಮೇಲೆ ಹೋಗಬೇಡಿ, ಅವಳು ಅಂಗಡಿ ಬಿಟ್ಟುಕೊಡುತ್ತಿದ್ದಾಳೆ ಎಂದಳು. ಯಾಕೆಂದು ಕೇಳಿದೆ, ಏನೂ ಗೊತ್ತಿಲ್ಲದವಳ ಹಾಗೆ.

"ಯಾರೋ ಒಬ್ಬಳ ಮುಖ ಸುಟ್ಟಿತಂತೆ. ಕೂತು ಅಳೋದೊಂದೇ ಕೆಲಸ ಆಗಿದೆ ಅವಳಿಗೆ. ನಾನು ಹೇಳ್ದೆ, ಆ ಹೆಂಗಸು ಏನು ಬಳ್ಕೊಂಡು ಬಂದಿದ್ಲೋ ಯಾರಿಗೆ ಗೊತ್ತು ಅಂತ. 'ಹಾಗನ್ನಬೇಡಿ, ಅವಳು ಸುಳ್ಳು ಹೇಳೋಳಲ್ಲ' ಅಂತ ನನಗೇ ಬೈದಳು."

ಬೇಕಿಲ್ಲದಿದ್ದರೂ ಒಂದು ಪೊಟ್ಟಣ ಒಣ ಸೀಗಡಿ ಕೊಂಡು ಬಂದೆ.


ನವೆಂಬರ್ ೧೪, ಮಂಗಳವಾರ

ಪತ್ರ ಬರೆದೆ. ಫೋನಿನಲ್ಲಿ ಹೇಳಲಾಗದು, ಅವಳು ನಡುವೆ 'ಪರವಾಗಿಲ್ಲ ಬಿಡೇ' ಎಂದುಬಿಡುತ್ತಾಳೆ, ನಾನು ಬಿಟ್ಟುಬಿಡುತ್ತೇನೆ.

ಚೀನಿಯಲ್ಲಿ ಬರೆದೆ. ನನ್ನ ಇಂಗ್ಲಿಷ್ ಅಕ್ಷರ ಮುತ್ತು ಪೋಣಿಸಿದಂತೆ ಎನ್ನುತ್ತಿದ್ದರು ಸಿಸ್ಟರುಗಳು. ಚೀನಿಯಲ್ಲಿ ನನ್ನದು ಎರಡನೇ ತರಗತಿಯ ಮಗುವಿನ ಕೈ. ಹನ್ನೊಂದು ಸಾಲಿಗೆ ಇಡೀ ಸಂಜೆ ಹಿಡಿಯಿತು. ಕ್ರೀಮಿನ ಹೆಸರು ಬರೆದೆ, ಮೂರು ತಿಂಗಳು ಎಂದು ಬರೆದೆ, ಎಡಗಡೆಯನ್ನೂ ಓದಿದ್ದೆ ಎಂದು ಬರೆದೆ. ನಿನ್ನ ಕೈಯದು ತಪ್ಪಲ್ಲ ಎಂದು ಬರೆದೆ. ಹೊಟ್ಟೆಕಿಚ್ಚು ಎಂಬ ಅಕ್ಷರದ ಗೆರೆಗಳು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ನಿಘಂಟು ತೆಗೆಯಲಿಲ್ಲ. 'ವಿನೆಗರ್ ಕುಡಿದಿದ್ದೆ, ಶಾಲೆಯ ದಿನದಿಂದ' ಎಂದು ಬರೆದೆ. ವಿನೆಗರ್ ಎಂಬ ಅಕ್ಷರ ಬರುತ್ತದೆ, ಬಾಟಲಿಯ ಮೇಲೆ ದಿನಾ ನೋಡುತ್ತೇನೆ. ತಪ್ಪುಗಳಿರಬಹುದು. ಇದ್ದರೆ ಅವಳು ತಿದ್ದಲಿ.

ಕ್ಷಮಿಸು ಎಂದು ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಕೂತೆ. ಬರೆದರೆ ಅವಳು ಕ್ಷಮಿಸಿಯೇಬಿಡುತ್ತಾಳೆ. ಅವಳು ಅಂಥವಳು. ಅದೂ ನನಗೆ ಅವಳ ಮೇಲಿನ ಕೋಪಗಳಲ್ಲಿ ಒಂದು. ಕೊನೆಗೆ ಬರೆದೆ.

ಅವಳು ಬಿಟ್ಟುಹೋದ ಹೊಸ ಫಾರಂ ಇಲ್ಲೇ ಇತ್ತು. ಅದನ್ನು ಮತ್ತೆ ತುಂಬಿದೆ, ಹೆಸರಿನಿಂದ ಮೊದಲುಮಾಡಿ. ಏಳನೆಯ ಸಾಲಿಗೆ ಬಂದಾಗ ತಿದ್ದಲೆಂದು ಕೆಂಪು ಪೆನ್ನು ತೆಗೆದೆ. ಮುಂದೆ ಬರುವವರಿಗಾಗಿ ಆ ಪ್ರಶ್ನೆ ಇಂಗ್ಲಿಷಿನಲ್ಲಿ ಹೇಗಿರಬೇಕೆಂದು ಬೇರೊಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಮತ್ತೆ ಅಂಗಡಿ ತೆಗೆದರೆ ಅಚ್ಚು ಹಾಕಿಸಲಿ. ನನ್ನ ಪ್ರತಿಯಲ್ಲಿ ಮಾತ್ರ ಅದು ಇದ್ದ ಹಾಗೆಯೇ ಇರಲಿ ಅನ್ನಿಸಿತು, ವಿನೆಗರೂ ಆಸಿಡ್ಡೇ ತಾನೇ. ಪೆನ್ನಿನ ಮುಚ್ಚಳ ಹಾಕಿದೆ.

ಎಡಗಡೆ, ಹಚ್ಚಿದ್ದೀರಾ: ಹೌದು.

ಬಲಗಡೆ, ತಿಂದಿದ್ದೀರಾ: ಹೌದು.

ಭಾನುವಾರ ಹುಟ್ಟುಹಬ್ಬದ ಊಟಕ್ಕೆ ಅವಳು ಬಂದು ಆ ಹುಂಜದ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುವುದನ್ನು ಊಹಿಸಿಕೊಂಡರೆ ಈಗಲೂ ಎದೆಯಲ್ಲಿ ಉರಿಯುತ್ತದೆ. ಫೋಟೋದಲ್ಲಿ ಅವಳು ಮೊಟ್ಟೆಯ ಹಾಗೆ ಹೊಳೆಯುತ್ತಾಳೆ, ನಾನು ಪಕ್ಕದಲ್ಲಿ ಕಂದು ಕೆನ್ನೆಯವಳು. ಅಮ್ಮ ಯಾರ ಕಡೆ ವಾಲಿ ನಿಲ್ಲುತ್ತಾಳೋ.

ಲಕೋಟೆ ಅಂಟಿಸಿ ಅಂಚೆಚೀಟಿ ಹಚ್ಚಿದ್ದೇನೆ. ಇವತ್ತೇ ಡಬ್ಬಿಗೆ ಹಾಕಬಹುದಿತ್ತು. ಆದರೆ ಅಮ್ಮ ಇದನ್ನು ಅವಳ ಬಾಯಿಂದ ಕೇಳಬಾರದು, ನನ್ನಿಂದ ಕೇಳಬೇಕು. ನಾಳೆ ಸಂಜೆ ಕೆಳಗಿಳಿದು ಹೋಗಿ ಹೇಳುತ್ತೇನೆ. ಅವಳ ತಲೆ ತೊಳೆಯುವಾಗ ಅಲ್ಲ, ಎದುರಿಗೆ ಕೂತು. ಶನಿವಾರದೊಳಗೆ ಲೈಯುಂಗಳ ಕೈಗೆ ಸಿಗಬೇಕಾದರೆ ಅದರ ಮರುದಿನ ಹಾಕಿದರೂ ಸಾಕು.

ಅಂಚೆಗೆ ಹಾಕುವ ದಿನ: ನವೆಂಬರ್ ೧೬, ಗುರುವಾರ.